ಬಿಸಿಲು ಪುಕ್ಕಟೆ, ದುಡ್ಡು ದುಬಾರಿ: ಆರ್ಥಿಕ ಸಂಕಟದ ದೇಶಗಳು ಸೋಲಾರ್‌ಗೆ ಹಣ ಎಲ್ಲಿಂದ ತರಬೇಕು?

ಪ್ರಶ್ನೆ: ಸೋಲಾರ್ ಪ್ಯಾನೆಲ್‌ಗಳ ಬೆಲೆ ತುಂಬಾ ಇಳಿದಿದೆ ಅಂತಾರೆ. ಹಾಗಿದ್ದರೂ ಕರೆನ್ಸಿ ಕುಸಿದಿರುವ, ಹಳೆಯ ಸಾಲವನ್ನೇ ತೀರಿಸಲಾಗದ ದೇಶಗಳಲ್ಲಿ ದೊಡ್ಡ ಸೋಲಾರ್, ಪವನ ವಿದ್ಯುತ್ ಯೋಜನೆಗಳು ಯಾಕೆ ಮೇಲೇಳುತ್ತಿಲ್ಲ? ಅಂಥ ದೇಶಕ್ಕೆ 20 ವರ್ಷದ ಸಾಲ ಯಾರು ಕೊಡುತ್ತಾರೆ? ಮೊದಲು ಆರ್ಥಿಕತೆ ಸರಿಹೋಗಲಿ, ಆಮೇಲೆ ನೋಡೋಣ ಅನ್ನುವುದೇ ಸರಿ ಅಲ್ವಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಕಾಯುವುದು ಬೇಡ. ಯಾಕೆ ಬೇಡ ಅನ್ನುವುದಕ್ಕೆ ಒಂದು ಲೆಕ್ಕ ಇದೆ, ಅದನ್ನು ಆಮೇಲೆ ಹೇಳುತ್ತೇನೆ. ಆದರೆ ಸಿಕ್ಕಿದ ದುಡ್ಡನ್ನೆಲ್ಲ ಬಾಚಿಕೊಳ್ಳುವುದೂ ಬೇಡ. ಇಂಥ ಯಾವುದೇ ಯೋಜನೆಯ ಕಾಗದ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಒಂದೇ ವಿಷಯ. ಆ ದೇಶದ ಕರೆನ್ಸಿ ಕುಸಿದ ದಿನ ನಷ್ಟ ಯಾರ ತಲೆ ಮೇಲೆ ಬೀಳುತ್ತದೆ? ಅದಕ್ಕೆ ಸರಿಯಾದ ಉತ್ತರ ಇಲ್ಲದಿದ್ದರೆ ಉಳಿದ ಲೆಕ್ಕ ಎಷ್ಟು ಚೆನ್ನಾಗಿದ್ದರೂ ನಂಬುವುದು ಕಷ್ಟ.

ಮೊದಲು ಬಡ್ಡಿಯ ವಿಷಯ. ಡೀಸೆಲ್ ಜನರೇಟರ್ ಕೊಳ್ಳುವಾಗ ಕೈಯಿಂದ ಹೋಗುವ ದುಡ್ಡು ಕಡಿಮೆ. ಮುಂದೆ ತಿಂಗಳು ತಿಂಗಳೂ ಎಣ್ಣೆಗೆ ಸುರಿಯಬೇಕು. ಸೋಲಾರ್ ಇದಕ್ಕೆ ಪೂರ್ತಿ ಉಲ್ಟಾ. ಮುಂದಿನ 20–25 ವರ್ಷದ ಕರೆಂಟಿಗೆ ಮೊದಲ ದಿನವೇ ದುಡ್ಡು ಕೊಟ್ಟ ಹಾಗೆ. ಆ ದುಡ್ಡಿನ ಬಹುಪಾಲು ಬರುವುದು ಸಾಲದಿಂದ. ಹಾಗಾಗಿ ಸೋಲಾರ್ ಕರೆಂಟಿನ ಬೆಲೆಯಲ್ಲಿ ಬಡ್ಡಿಯೇ ದೊಡ್ಡ ಪಾಲು.

ಒಂದು ಲೆಕ್ಕ ನೋಡಿ. 100 ರೂಪಾಯಿ ಸಾಲ, 20 ವರ್ಷ, ಪ್ರತಿ ವರ್ಷ ಒಂದೇ ಮೊತ್ತದ ಕಂತು. ಬಡ್ಡಿ ಶೇ 5 ಇದ್ದರೆ ವರ್ಷದ ಕಂತು 8 ರೂಪಾಯಿ. ಶೇ 10 ಆದರೆ ಹತ್ತಿರ ಹತ್ತಿರ 12. ಶೇ 15 ಆದರೆ 16. ಅದೇ ಪ್ಯಾನೆಲ್, ಅದೇ ಬಿಸಿಲು, ಅಷ್ಟೇ ಕರೆಂಟು. ಆದರೂ ಕಂತು ಎರಡು ಪಟ್ಟು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಂತೆ, ಅಭಿವೃದ್ಧಿಶೀಲ ದೇಶಗಳಲ್ಲಿ ದೊಡ್ಡ ಸೋಲಾರ್ ಯೋಜನೆಗೆ ತರುವ ಹಣದ ವೆಚ್ಚ ಶ್ರೀಮಂತ ದೇಶಗಳಿಗಿಂತ ಎರಡು ಪಟ್ಟಿಗೂ ಜಾಸ್ತಿ. 2024ರಲ್ಲಿ ಶುದ್ಧ ಇಂಧನಕ್ಕೆ ಜಗತ್ತು ಹೂಡಿದ್ದು ಸುಮಾರು 2 ಲಕ್ಷ ಕೋಟಿ ಡಾಲರ್. ಅದರಲ್ಲಿ ಚೀನಾ ಬಿಟ್ಟು ಉಳಿದ ಅಷ್ಟೂ ಅಭಿವೃದ್ಧಿಶೀಲ ದೇಶಗಳ ಪಾಲು ಶೇ 15ರಷ್ಟು. ಜಗತ್ತಿನ ಜನಸಂಖ್ಯೆಯ ಐದನೇ ಒಂದು ಭಾಗ ಇರುವ ಆಫ್ರಿಕಾಕ್ಕೆ ಸಿಗುವುದು ಶೇ 2ರ ಆಸುಪಾಸು. ಅಷ್ಟು ಬಿಸಿಲು ಬೀಳುವ ಖಂಡ ಅದು. ಈ ಅಂಕಿ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಸಾಲ ಕೊಡುವವರಿಗೆ ಭಯ ಯಾತರದ್ದು? ಪ್ಯಾನೆಲ್ ಕೆಲಸ ಮಾಡುತ್ತದೋ ಇಲ್ಲವೋ ಅನ್ನುವ ಅನುಮಾನ ಈಗ ಯಾರಿಗೂ ಇಲ್ಲ. ಭಯ ಇರುವುದು ಎರಡು. ಒಂದು, ಕರೆಂಟ್ ಕೊಳ್ಳುವ ಸರ್ಕಾರಿ ವಿದ್ಯುತ್ ಕಂಪನಿ ಸಮಯಕ್ಕೆ ದುಡ್ಡು ಕೊಡುತ್ತದೆಯೇ ಅನ್ನುವುದು. ಬಹಳ ದೇಶಗಳಲ್ಲಿ ಈ ಕಂಪನಿಗಳೇ ನಷ್ಟದಲ್ಲಿ ಮುಳುಗಿರುತ್ತವೆ. ದರ ಏರಿಸಲು ಸರ್ಕಾರ ಬಿಡುವುದಿಲ್ಲ, ಸಬ್ಸಿಡಿ ಹಣವನ್ನೂ ಸರಿಯಾಗಿ ಕೊಡುವುದಿಲ್ಲ, ಕರೆಂಟ್ ಕಳ್ಳತನ ಬೇರೆ. ಎರಡನೆಯದು ಕರೆನ್ಸಿ. ಗ್ರಾಹಕ ಬಿಲ್ ಕಟ್ಟುವುದು ಸ್ಥಳೀಯ ಹಣದಲ್ಲಿ. ಹೊರಗಿನಿಂದ ತಂದ ಸಾಲ ತೀರಿಸಬೇಕಾದದ್ದು ಡಾಲರ್‌ನಲ್ಲಿ.

ಈ ಎರಡನೆಯದು ಹೇಗೆ ಕಚ್ಚುತ್ತದೆ ಅನ್ನುವುದಕ್ಕೆ ಜಾಂಬಿಯಾ ನೋಡಿ. 2016ರಲ್ಲಿ ವಿಶ್ವ ಬ್ಯಾಂಕ್ ಸಮೂಹದ ಬೆಂಬಲದಿಂದ ಅಲ್ಲಿ ಸೋಲಾರ್ ಹರಾಜು ನಡೆಯಿತು, ಅಂದರೆ ಕಡಿಮೆ ದರಕ್ಕೆ ಕರೆಂಟ್ ಕೊಡುತ್ತೇನೆ ಅಂದ ಕಂಪನಿಗೆ ಯೋಜನೆ. ಯೂನಿಟ್‌ಗೆ 6.02 ಅಮೆರಿಕನ್ ಸೆಂಟ್ ದರ ಬಂತು. ಆಗ ಆಫ್ರಿಕಾದಲ್ಲೇ ಅಷ್ಟು ಅಗ್ಗದ ಸೋಲಾರ್ ಕರೆಂಟ್ ಇರಲಿಲ್ಲ. 25 ವರ್ಷ ಅದೇ ದರ, ಒಂದು ಪೈಸೆಯೂ ಏರುವುದಿಲ್ಲ. ಎಲ್ಲರೂ ಮೆಚ್ಚಿದರು, ನಾನೂ ಮೆಚ್ಚಿದೆ. ಆದರೆ ಆ ದರ ಇದ್ದದ್ದು ಡಾಲರ್‌ನಲ್ಲಿ. 2016ರಲ್ಲಿ ಒಂದು ಡಾಲರ್‌ಗೆ ಸುಮಾರು 10 ಕ್ವಾಚಾ ಇತ್ತು. 2020ರ ನವೆಂಬರ್‌ನಲ್ಲಿ ಜಾಂಬಿಯಾ ವಿದೇಶಿ ಸಾಲದ ಕಂತು ಕಟ್ಟಲಾಗದೆ ಕೈಚೆಲ್ಲಿತು. ಆ ಹೊತ್ತಿಗೆ ಡಾಲರ್ 20 ಕ್ವಾಚಾ ದಾಟಿತ್ತು. ಅಂದರೆ ಒಂದು ಪೈಸೆಯೂ ಏರದ ದರ ಅಲ್ಲಿನ ಹಣದಲ್ಲಿ ನಾಲ್ಕೇ ವರ್ಷಕ್ಕೆ ಎರಡು ಪಟ್ಟಾಯಿತು. ಅಲ್ಲಿನ ಸರ್ಕಾರಿ ವಿದ್ಯುತ್ ಕಂಪನಿಗೆ ಬಿಲ್ ಹಣ ಬರುವುದು ಮಾತ್ರ ಕ್ವಾಚಾದಲ್ಲೇ.

ಇಲ್ಲಿ ಸೋಲಾರ್‌ನ ತಪ್ಪೇನೂ ಇಲ್ಲ. ಕಲ್ಲಿದ್ದಲು ಸ್ಥಾವರವನ್ನು ಡಾಲರ್ ಸಾಲದಲ್ಲಿ ಕಟ್ಟಿದ್ದರೂ ಇದೇ ಗತಿ. ಅದರ ಜೊತೆಗೆ ಕಲ್ಲಿದ್ದಲಿನ ಬೆಲೆಯ ಏರಿಳಿತವೂ ಸೇರಿಕೊಳ್ಳುತ್ತಿತ್ತು. ಆದರೂ ತೊಂದರೆ ನಿಜ. ಡಾಲರ್ ಒಪ್ಪಂದದಲ್ಲಿ ಹೂಡಿಕೆದಾರ ಸುರಕ್ಷಿತ, ಬ್ಯಾಂಕ್ ಸುರಕ್ಷಿತ. ಕರೆನ್ಸಿ ಬಿದ್ದಾಗ ಪೂರ್ತಿ ಪೆಟ್ಟು ತಿನ್ನುವುದು ವಿದ್ಯುತ್ ಕಂಪನಿ. ಅದು ಒಂದೋ ಬಿಲ್ ಏರಿಸುತ್ತದೆ, ಇಲ್ಲವೇ ಬಾಕಿ ಉಳಿಸಿಕೊಳ್ಳುತ್ತದೆ. ಬಾಕಿ ನೋಡಿ ಮುಂದೆ ಸಾಲ ಕೊಡುವವನು ಬಡ್ಡಿ ಏರಿಸುತ್ತಾನೆ. ಸುತ್ತಿ ಸುತ್ತಿ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಹಾಗಾದರೆ ಸ್ಥಳೀಯ ಹಣದಲ್ಲೇ ಸಾಲ ತೆಗೆದರೆ ಆಯಿತಲ್ಲ ಅಂತ ನೀವು ಕೇಳಬಹುದು. ನನ್ನ ಪ್ರಕಾರ ದಾರಿ ಅದೇ. ಆದರೆ ಅಲ್ಲೊಂದು ಎಡರು ಇದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. ಹಣದುಬ್ಬರ ಶೇ 20 ಇರುವ ದೇಶದಲ್ಲಿ ಬ್ಯಾಂಕ್ ಬಡ್ಡಿ ಶೇ 25 ಇರುವುದು ಸಹಜ. ನಿಜವಾದ ಬಡ್ಡಿ ಶೇ 4ರ ಆಸುಪಾಸು ಮಾತ್ರ, ಉಳಿದದ್ದು ಹಣ ಸವೆಯುವುದಕ್ಕೆ ಕೊಡುವ ಪರಿಹಾರ. ಆದರೆ ಮಾಮೂಲಿ ಸಮ ಕಂತಿನ ಸಾಲದಲ್ಲಿ ಆ ಭಾರವೆಲ್ಲ ಮೊದಲ ವರ್ಷಗಳಲ್ಲೇ ಬಂದು ಬೀಳುತ್ತದೆ. 100 ರೂಪಾಯಿಯ 10 ವರ್ಷದ ಸಾಲಕ್ಕೆ ಶೇ 25ರ ಬಡ್ಡಿಯಲ್ಲಿ ವರ್ಷಕ್ಕೆ 28 ರೂಪಾಯಿ ಕಟ್ಟಬೇಕು. ಮೊದಲ ವರ್ಷವೇ ಅಷ್ಟು ಆದಾಯ ಯಾವ ಸೋಲಾರ್ ಸ್ಥಾವರಕ್ಕೂ ಬರುವುದಿಲ್ಲ. ಯೋಜನೆ ಅಲ್ಲಿಗೇ ಮುಗಿಯಿತು. ಅದೇ ಸಾಲದ ಕಂತನ್ನು ಹಣದುಬ್ಬರದ ಜೊತೆ ಏರುವ ಹಾಗೆ ಮಾಡಿ ನೋಡಿ. ಮೊದಲ ವರ್ಷ ಕಟ್ಟುವುದು 15 ರೂಪಾಯಿ. ಮುಂದೆ ಪ್ರತಿ ವರ್ಷ ಬೆಲೆಗಳ ಜೊತೆಗೇ ಕಂತೂ ಏರುತ್ತದೆ, ಕರೆಂಟಿನ ದರವೂ ಏರುತ್ತದೆ. ಸಾಲ ಕೊಟ್ಟವನಿಗೆ ಒಟ್ಟಾರೆ ಸಿಗುವುದು ಅಷ್ಟೇ, ನಷ್ಟವೇನಿಲ್ಲ. ಆದರೆ ಯೋಜನೆ ಉಸಿರಾಡುತ್ತದೆ. ಸಂಕಟದಲ್ಲಿರುವ ದೇಶಗಳ ಹಣಕಾಸು ಇಲಾಖೆಗಳು ಈ ಒಂದು ಬದಲಾವಣೆಗೆ ಮನಸ್ಸು ಮಾಡಬೇಕು ಅಂತ ನನಗೆ ತುಂಬಾ ಅನಿಸುತ್ತದೆ. ಇದಕ್ಕೆ ಹೊರಗಿನಿಂದ ಒಂದು ಡಾಲರ್ ಕೂಡ ಬೇಕಿಲ್ಲ. ಬೇಕಾದದ್ದು ಹಣದುಬ್ಬರದ ಅಂಕಿಯನ್ನು ತಿದ್ದದೆ ಪ್ರಕಟಿಸುವ ಪ್ರಾಮಾಣಿಕತೆ, ವರ್ಷ ವರ್ಷ ದರ ಪರಿಷ್ಕರಿಸುವ ಧೈರ್ಯ.

ಇನ್ನು ಸ್ಥಳೀಯ ದುಡ್ಡು ಎಲ್ಲಿದೆ? ಪಿಂಚಣಿ ನಿಧಿಗಳಲ್ಲಿದೆ, ವಿಮಾ ಕಂಪನಿಗಳಲ್ಲಿದೆ. ಅವು ಸಾಮಾನ್ಯವಾಗಿ ಸರ್ಕಾರದ ಬಾಂಡ್‌ಗಳನ್ನೇ ಕೊಂಡು ಸುಮ್ನೆ ಕೂರುತ್ತವೆ. ನೈಜೀರಿಯಾದಲ್ಲಿ 2017ರಿಂದ ಇನ್‌ಫ್ರಾಕ್ರೆಡಿಟ್ ಎಂಬ ಸಂಸ್ಥೆ ಕೆಲಸ ಮಾಡುತ್ತಿದೆ. ಅದು ತಾನೇ ಸಾಲ ಕೊಡುವುದಿಲ್ಲ. ಮೂಲಸೌಕರ್ಯ ಕಂಪನಿಗಳು ಅಲ್ಲಿನ ಕರೆನ್ಸಿಯಾದ ನೈರಾದಲ್ಲಿ ಹೊರಡಿಸುವ ಬಾಂಡ್‌ಗಳಿಗೆ ಜಾಮೀನು ನಿಲ್ಲುತ್ತದೆ. ಕಂಪನಿ ಕೈಕೊಟ್ಟರೆ ನಾನು ಕೊಡುತ್ತೇನೆ ಅನ್ನುತ್ತದೆ. ಆ ಮಾತಿನ ಮೇಲೆ ಪಿಂಚಣಿ ನಿಧಿಗಳು ಧೈರ್ಯ ಮಾಡುತ್ತವೆ. 2019ರಲ್ಲಿ ಅಲ್ಲಿನ ಒಂದು ಜಲವಿದ್ಯುತ್ ಕಂಪನಿ ಹೀಗೇ 15 ವರ್ಷದ, 850 ಕೋಟಿ ನೈರಾದ ಹಸಿರು ಬಾಂಡ್ ಹೊರಡಿಸಿತು. ಆಮೇಲೆ ನೈರಾ ತೀರಾ ಕುಸಿಯಿತು. ಡಾಲರ್ ಸಾಲ ಮಾಡಿದ್ದವರು ನಲುಗಿದರು. ನೈರಾದಲ್ಲಿ ಪಡೆದ ಸಾಲದ ಕಂತು ಮಾತ್ರ ಕರೆನ್ಸಿ ಬಿತ್ತು ಅಂತ ಏರುವುದಿಲ್ಲ.

ಬಾಂಗ್ಲಾದೇಶದ ದಾರಿ ಇನ್ನೊಂದು. ಅಲ್ಲಿ 2003ರಿಂದ ಮನೆ ಮನೆಗೆ ಸಣ್ಣ ಸೋಲಾರ್ ಕೊಡುವ ಯೋಜನೆ ನಡೆಯಿತು. ವಿಶ್ವ ಬ್ಯಾಂಕ್ ಮತ್ತಿತರರ ಸಾಲ ಬಂದದ್ದು ವಿದೇಶಿ ಕರೆನ್ಸಿಯಲ್ಲೇ. ಆದರೆ ಕರೆನ್ಸಿಯ ಅಪಾಯವನ್ನು ಸರ್ಕಾರ ತನ್ನ ಮೇಲೆ ಹಾಕಿಕೊಂಡಿತು. ಇಡ್ಕಾಲ್ ಎಂಬ ಸರ್ಕಾರಿ ಹಣಕಾಸು ಸಂಸ್ಥೆಯ ಮೂಲಕ ಹಣ ಟಾಕಾದಲ್ಲಿ ಹಳ್ಳಿಯ ಕಿರುಸಾಲ ಸಂಸ್ಥೆಗಳಿಗೆ ಹೋಯಿತು. ಮನೆಯವರು ಎರಡು ಮೂರು ವರ್ಷದಲ್ಲಿ ಟಾಕಾದಲ್ಲೇ ಕಂತು ತೀರಿಸಿದರು. 40 ಲಕ್ಷಕ್ಕೂ ಹೆಚ್ಚು ಮನೆಗಳಿಗೆ, ಸುಮಾರು 2 ಕೋಟಿ ಜನರಿಗೆ ಬೆಳಕು ಸಿಕ್ಕಿತು. ಕಂತು ಕಟ್ಟುವ ಹೆಣ್ಣುಮಗಳು ಡಾಲರ್ ಏರಿತೋ ಇಳಿಯಿತೋ ಅಂತ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಯೋಜನೆಯನ್ನು ಕಟ್ಟುವುದು ಅಂದರೆ ಹೀಗೆ.

ಕರೆನ್ಸಿ ಅಪಾಯಕ್ಕೇ ವಿಮೆ ಮಾಡಿಸುವ ವ್ಯವಸ್ಥೆಯೂ ಇದೆ. ಟಿಸಿಎಕ್ಸ್ ಎಂಬ ನಿಧಿ 2007ರಿಂದ ಇದನ್ನೇ ಮಾಡುತ್ತಿದೆ. ಬೇರೆ ಬೇರೆ ದೇಶಗಳ ಕರೆನ್ಸಿಗಳ ಅಪಾಯವನ್ನು ಒಟ್ಟುಗೂಡಿಸಿ ಹೊರುತ್ತದೆ. ಎಲ್ಲ ಕರೆನ್ಸಿಗಳೂ ಒಂದೇ ಸಲ ಬೀಳುವುದಿಲ್ಲ ಅನ್ನುವುದು ಅದರ ಆಧಾರ. ಒಳ್ಳೆಯ ವ್ಯವಸ್ಥೆ, ಆದರೆ ತೀರಾ ಅಲುಗಾಡುವ ಕರೆನ್ಸಿಗೆ ಅದರ ಶುಲ್ಕವೂ ಜಾಸ್ತಿ. ಶ್ರೀಮಂತ ದೇಶಗಳ ನೆರವಿನ ಹಣ ಈ ಶುಲ್ಕ ತಗ್ಗಿಸಲು ಹೋದರೆ ಅದಕ್ಕಿಂತ ಒಳ್ಳೆಯ ಬಳಕೆ ಇಲ್ಲ.

ಈಗ ಮೊದಲ ಭಯಕ್ಕೆ ಬರೋಣ. ವಿದ್ಯುತ್ ಕಂಪನಿ ದುಡ್ಡು ಕೊಡದಿದ್ದರೆ? ಇದಕ್ಕೆ ಮದ್ದು ಖಾತರಿ. ಅರ್ಜೆಂಟೀನಾ 2016ರಲ್ಲಿ ಇದನ್ನು ಚೆನ್ನಾಗಿ ಹೆಣೆಯಿತು. ಸಾಲ ಕೊಟ್ಟವರ ಜೊತೆಗಿನ ವರ್ಷಗಟ್ಟಲೆಯ ಜಗಳ ಆಗ ತಾನೇ ಮುಗಿದಿತ್ತು, ಅಲ್ಲಿನ ಸರ್ಕಾರವನ್ನು ಯಾರೂ ನಂಬುವ ಸ್ಥಿತಿ ಇರಲಿಲ್ಲ. ಅದಕ್ಕೇ ಪದರ ಪದರವಾಗಿ ರಕ್ಷಣೆ ಕೊಟ್ಟರು. ಕರೆಂಟ್ ಕೊಳ್ಳುವ ಸಂಸ್ಥೆ ದುಡ್ಡು ಕೊಡದಿದ್ದರೆ ಅದಕ್ಕೆಂದೇ ಎತ್ತಿಟ್ಟ ನಿಧಿ, ಅದೂ ಕೈಕೊಟ್ಟರೆ ಸರ್ಕಾರ, ಸರ್ಕಾರವೂ ಕೈಕೊಟ್ಟರೆ ವಿಶ್ವ ಬ್ಯಾಂಕ್. ಆ ಕೊನೆಯ ಪದರಕ್ಕೆ ವಿಶ್ವ ಬ್ಯಾಂಕ್ ಇಟ್ಟದ್ದು 48 ಕೋಟಿ ಡಾಲರ್. ಹರಾಜಿಗೆ ಕಂಪನಿಗಳು ಮುಗಿಬಿದ್ದವು. ಮೊದಲ ಸುತ್ತಿನಲ್ಲಿ ಯೂನಿಟ್‌ಗೆ ಸರಾಸರಿ 6 ಸೆಂಟ್ ಇದ್ದ ದರ ಮರುವರ್ಷ 5 ಸೆಂಟ್‌ನ ಹತ್ತಿರ ಇಳಿಯಿತು.

ಆಮೇಲೆ 2018 ಬಂತು. ಪೆಸೊ ಒಂದೇ ವರ್ಷದಲ್ಲಿ ಅರ್ಧ ಬೆಲೆ ಕಳೆದುಕೊಂಡಿತು. 2019ರಲ್ಲಿ ಡಾಲರ್ ಹೊರಗೆ ಕಳಿಸುವುದಕ್ಕೆ ನಿರ್ಬಂಧ ಬಂತು. ಆ ಹೊತ್ತಿಗೆ ಕಟ್ಟಿ ಮುಗಿದಿದ್ದ ಸ್ಥಾವರಗಳು ನಡೆದವು. ಹರಾಜು ಗೆದ್ದು ಸಾಲಕ್ಕೆ ಓಡಾಡುತ್ತಿದ್ದ ಅನೇಕ ಯೋಜನೆಗಳು ಕಾಗದದಲ್ಲೇ ಉಳಿದವು. ಖಾತರಿ ಇದ್ದದ್ದು ಕರೆಂಟ್ ಮಾರಿದ ಮೇಲೆ ಬರುವ ದುಡ್ಡಿಗೆ. ಕಟ್ಟಲು ಬೇಕಾದ ಸಾಲ ಸಿಗುತ್ತದೆ ಅನ್ನುವುದಕ್ಕೆ ಖಾತರಿ ಇರಲಿಲ್ಲ. ಹಾಗಾಗಿ ಸಾಲ ಕೈಗೆ ಬಂದು ಕೆಲಸ ಶುರುವಾಗುವವರೆಗೆ ಹರಾಜಿನ ದರ ನೋಡಿ ಸಂಭ್ರಮಿಸಬಾರದು ಅಂತ ನಾನು ಹೇಳುವುದು.

ಪಕ್ಕದ ಉರುಗ್ವೆ ಕಥೆ ಬೇರೆ. 2002ರಲ್ಲಿ ಅಲ್ಲೂ ಬ್ಯಾಂಕ್‌ಗಳು ಕುಸಿದಿದ್ದವು. ಆದರೆ 2010ರಲ್ಲಿ ಎಲ್ಲ ಪ್ರಮುಖ ಪಕ್ಷಗಳೂ ಕೂತು ಇಂಧನ ನೀತಿಗೆ ಒಪ್ಪಿದವು. ಸರ್ಕಾರ ಬದಲಾದರೂ ಒಪ್ಪಂದ ಬದಲಾಗುವುದಿಲ್ಲ ಅನ್ನುವ ನಂಬಿಕೆ ಹುಟ್ಟಿತು. ಅಲ್ಲಿನ ಸರ್ಕಾರಿ ವಿದ್ಯುತ್ ಕಂಪನಿ ಯುಟಿಇ ಹೇಳಿದ ದಿನ ದುಡ್ಡು ಕೊಡುವ ಕಂಪನಿ. 20 ವರ್ಷದ ಖರೀದಿ ಒಪ್ಪಂದದ ಮೇಲೆ ಪವನ ವಿದ್ಯುತ್‌ಗೆ ಹಣ ಹರಿದು ಬಂತು. ಕೆಲವು ಪವನ ಸ್ಥಾವರಗಳ ಪಾಲನ್ನು ಅಲ್ಲಿನ ಪಿಂಚಣಿ ನಿಧಿಗಳಿಗೆ, ಸಾಮಾನ್ಯ ಜನರಿಗೂ ಮಾರಿದರು. ಹತ್ತೇ ವರ್ಷದೊಳಗೆ ಪವನ ವಿದ್ಯುತ್ ದೇಶದ ಕರೆಂಟಿನ ಸುಮಾರು ಮೂರನೇ ಒಂದು ಪಾಲಾಯಿತು. ಮಳೆ ಚೆನ್ನಾಗಿ ಬಂದ ವರ್ಷ ಶೇ 90ಕ್ಕಿಂತ ಜಾಸ್ತಿ ಕರೆಂಟ್ ನವೀಕರಿಸಬಹುದಾದ ಮೂಲದ್ದು. ಸಮಯಕ್ಕೆ ಸರಿಯಾಗಿ ದುಡ್ಡು ಕೊಡುವ ವಿದ್ಯುತ್ ಕಂಪನಿಗಿಂತ ದೊಡ್ಡ ಖಾತರಿ ಇಲ್ಲ. ಅದನ್ನು ಹೊರಗಿನವರು ತಂದುಕೊಡಲಾರರು.

ಶ್ರೀಮಂತ ದೇಶಗಳ ನೆರವಿನ ಬಗ್ಗೆ ಸ್ವಲ್ಪದರಲ್ಲೇ ಹೇಳುತ್ತೇನೆ. 2021ರಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ದಕ್ಷಿಣ ಆಫ್ರಿಕಾಕ್ಕೆ 850 ಕೋಟಿ ಡಾಲರ್ ಘೋಷಣೆಯಾಯಿತು, ಕಲ್ಲಿದ್ದಲು ಬಿಟ್ಟು ಹೊರಬರಲು. ವಿವರ ಬಂದಾಗ ನೋಡಿದರೆ ನೇರ ಅನುದಾನ ಶೇ 4ರ ಆಸುಪಾಸು. ಉಳಿದದ್ದು ಬಹುಪಾಲು ಸಾಲ ಮತ್ತು ಖಾತರಿ. 2025ರಲ್ಲಿ ಅಮೆರಿಕ ಆ ಒಪ್ಪಂದದಿಂದಲೇ ಹೊರಗೆ ಹೋಯಿತು. ಕಡಿಮೆ ಬಡ್ಡಿಯ ಸಾಲಕ್ಕೂ ಬೆಲೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಸಾಲದಲ್ಲಿ ಮುಳುಗಿದವನಿಗೆ ಇನ್ನೊಂದು ಸಾಲ ಕೊಟ್ಟು ಅದನ್ನು ನೆರವು ಅನ್ನುವುದನ್ನು ನಾನು ಒಪ್ಪುವುದಿಲ್ಲ. ತೀರಾ ಸಂಕಟದಲ್ಲಿರುವ ದೇಶಕ್ಕೆ ಮೊದಲು ಹಳೆಯ ಸಾಲದ ಭಾರ ಇಳಿಯಬೇಕು. ಜಾಂಬಿಯಾ ಸಾಲ ಕಟ್ಟಲಾಗದೆ ನಿಂತದ್ದು 2020ರಲ್ಲಿ, ಬಾಂಡ್ ಕೊಂಡು ಸಾಲ ಕೊಟ್ಟವರ ಜೊತೆ ಒಪ್ಪಂದವಾದದ್ದು 2024ರಲ್ಲಿ. ಅದೇ ವರ್ಷ ಬರ ಬಂದು, ಅಲ್ಲಿಗೆ ಜಲವಿದ್ಯುತ್ ಕೊಡುವ ಕರೀಬಾ ಜಲಾಶಯ ಬಹುತೇಕ ಬತ್ತಿತು, ಜನ ದಿನದ ಬಹುಪಾಲು ಕತ್ತಲಲ್ಲಿ ಕಳೆದರು. ಸಾಲದ ಮಾತುಕತೆ ನಾಲ್ಕು ವರ್ಷ ಎಳೆದರೆ ಅದರ ಬೆಲೆ ತೆರುವವರು ಯಾರು ಅನ್ನುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಇದೆಲ್ಲದರ ನಡುವೆ ಜನ ಕಾಯುತ್ತಾ ಕೂತಿಲ್ಲ. ಲೆಬನಾನ್‌ನಲ್ಲಿ 2019ರ ನಂತರ ಬ್ಯಾಂಕ್‌ಗಳು ಜನರ ಠೇವಣಿ ತಡೆಹಿಡಿದವು, ಸರ್ಕಾರಿ ಕರೆಂಟ್ ದಿನಕ್ಕೆ ಒಂದೆರಡು ಗಂಟೆಗೆ ಇಳಿಯಿತು. ಜನ ಕೈಯಲ್ಲಿದ್ದ ಉಳಿತಾಯ, ವಿದೇಶದಲ್ಲಿದ್ದ ನೆಂಟರು ಕಳಿಸಿದ ಹಣ ಹಾಕಿ ಚಾವಣಿ ಮೇಲೆ ಪ್ಯಾನೆಲ್ ಕೂರಿಸಿಕೊಂಡರು. 2020ರಲ್ಲಿ 100 ಮೆಗಾವ್ಯಾಟ್ ಆಸುಪಾಸು ಇದ್ದದ್ದು 2023ರ ಹೊತ್ತಿಗೆ ಸುಮಾರು 1,000 ಮೆಗಾವ್ಯಾಟ್ ಆಯಿತು. ಪಾಕಿಸ್ತಾನದಲ್ಲಿ ಇನ್ನೂ ದೊಡ್ಡದು ನಡೆಯಿತು. ಅಲ್ಲಿ ಖಾಸಗಿ ಸ್ಥಾವರಗಳ ಜೊತೆಗಿನ ಒಪ್ಪಂದಗಳು ಡಾಲರ್‌ಗೆ ಅಂಟಿಕೊಂಡಿದ್ದವು. ಕರೆಂಟ್ ತೆಗೆದುಕೊಳ್ಳದಿದ್ದರೂ ದುಡ್ಡು ಕೊಡಬೇಕು. 2017ರಲ್ಲಿ 105 ಪಾಕಿಸ್ತಾನಿ ರೂಪಾಯಿ ಇದ್ದ ಡಾಲರ್ 2023ರಲ್ಲಿ 280ರ ಸುತ್ತ ಬಂತು. ಬಿಲ್ ಗಗನಕ್ಕೇರಿತು. ಜನ ಸೋಲಾರ್‌ಗೆ ಹೊರಳಿದರು. 2024 ಒಂದೇ ವರ್ಷದಲ್ಲಿ ಸುಮಾರು 17,000 ಮೆಗಾವ್ಯಾಟ್‌ನಷ್ಟು ಪ್ಯಾನೆಲ್ ಆಮದಾಯಿತು.

ಇದನ್ನು ನೋಡಿ ನನಗೆ ಖುಷಿಯೂ ಆಗುತ್ತದೆ, ಚಿಂತೆಯೂ ಆಗುತ್ತದೆ. ದುಡ್ಡಿದ್ದವರು, ಸ್ವಂತ ಚಾವಣಿ ಇದ್ದವರು ಗ್ರಿಡ್‌ನಿಂದ ದೂರ ಸರಿದರು. ಹಳೆಯ ಒಪ್ಪಂದಗಳ ಖರ್ಚು ಮಾತ್ರ ಹಾಗೇ ಉಳಿಯಿತು. ಅದನ್ನು ಹೊರುವವರು ಬಾಡಿಗೆ ಮನೆಯವರು, ಬಡವರು. ಅವರಿಗೂ ಸ್ಥಳೀಯ ಹಣದಲ್ಲಿ ಸಣ್ಣ ಕಂತಿನ ಸಾಲ ಸಿಗಬೇಕು. ಕೀನ್ಯಾದಲ್ಲಿ ಎಂ-ಕೋಪಾದಂಥ ಕಂಪನಿಗಳು ಮೊಬೈಲ್ ಹಣದ ಮೂಲಕ ದಿನಕ್ಕಿಷ್ಟು ಅಂತ ಕಟ್ಟಿಸಿಕೊಂಡು ಸೋಲಾರ್ ಕೊಟ್ಟದ್ದು ಈ ಕಾರಣಕ್ಕೇ ಗೆದ್ದಿತು. ಕೈಗೆ ಬರುವ ದುಡ್ಡಿನ ಲಯಕ್ಕೆ ಕಂತು ಹೊಂದಿಕೊಂಡಿತು.

ತಂತಿಯನ್ನೂ ಮರೆಯಬಾರದು. ಕೀನ್ಯಾದ ತುರ್ಕಾನಾ ಸರೋವರದ ಬಳಿ 310 ಮೆಗಾವ್ಯಾಟ್‌ನ ಪವನ ಸ್ಥಾವರ 2017ರಲ್ಲೇ ತಯಾರಾಗಿ ನಿಂತಿತು. ಪ್ರಸರಣ ಮಾರ್ಗ ಮುಗಿದದ್ದು 2018ರಲ್ಲಿ. ಸುಮ್ನೆ ತಿರುಗದೆ ನಿಂತ ಗಾಳಿಯಂತ್ರಗಳಿಗೂ ಸರ್ಕಾರ ದುಡ್ಡು ಕಟ್ಟಬೇಕಾಯಿತು. ಪ್ರಸರಣ ಮಾರ್ಗಕ್ಕೆ ಖಾಸಗಿ ಹಣ ಸುಲಭವಾಗಿ ಬರುವುದಿಲ್ಲ. ಹಾಗಾಗಿ ಅನುದಾನದ ರೂಪದಲ್ಲಿ ಅಲ್ಪ ಸ್ವಲ್ಪ ಹಣ ಬಂದರೆ ಅದು ಮೊದಲು ಇಲ್ಲಿಗೆ ಹೋಗಬೇಕು.

ಈಗ ಆಮೇಲೆ ಹೇಳುತ್ತೇನೆ ಅಂದ ಲೆಕ್ಕ. ಒಳ್ಳೆಯ ಬಿಸಿಲಿರುವ ಕಡೆ 1 ಮೆಗಾವ್ಯಾಟ್ ಸೋಲಾರ್ ವರ್ಷಕ್ಕೆ ಸುಮಾರು 15 ಲಕ್ಷ ಯೂನಿಟ್ ಕೊಡುತ್ತದೆ. ಅಷ್ಟನ್ನು ಡೀಸೆಲ್‌ನಿಂದ ತೆಗೆಯಲು, ಲೀಟರ್‌ಗೆ ಮೂರೂವರೆ ಯೂನಿಟ್ ಅಂತ ಹಿಡಿದರೂ, 4 ಲಕ್ಷ ಲೀಟರ್‌ಗಿಂತ ಜಾಸ್ತಿ ಎಣ್ಣೆ ಬೇಕು. ಲೀಟರ್‌ಗೆ 80 ಸೆಂಟ್ ಅಂದುಕೊಂಡರೆ ವರ್ಷಕ್ಕೆ 3 ಲಕ್ಷ ಡಾಲರ್ ದಾಟುತ್ತದೆ. 1 ಮೆಗಾವ್ಯಾಟ್‌ಗೆ ಬೇಕಾದ ಪ್ಯಾನೆಲ್‌ಗಳ ಆಮದು ಬೆಲೆ ಈಚೆಗೆ ಒಂದರಿಂದ ಒಂದೂವರೆ ಲಕ್ಷ ಡಾಲರ್. ಇನ್ವರ್ಟರ್ ಮತ್ತಿತರ ಸಾಮಾನು ಸೇರಿದರೂ, ಆಮದಿಗೆ ಹೋದ ಡಾಲರ್ ಒಂದೆರಡು ವರ್ಷದ ಎಣ್ಣೆಯ ಉಳಿತಾಯದಲ್ಲಿ ವಾಪಸ್ ಬರುತ್ತದೆ. ಕೂಲಿ, ಜಾಗ, ಕಂಬ, ಕಟ್ಟಡದ ಖರ್ಚು ಹೇಗೂ ಸ್ಥಳೀಯ ಹಣದಲ್ಲೇ ಆಗುತ್ತದೆ. ಡಾಲರ್‌ಗೆ ಪರದಾಡುತ್ತಿರುವ ದೇಶ ಇದನ್ನು ಮುಂದೂಡಿದರೆ ಪ್ರತಿ ತಿಂಗಳೂ ಎಣ್ಣೆಯ ಹಡಗಿಗೆ ಡಾಲರ್ ಕಟ್ಟುತ್ತಲೇ ಇರಬೇಕು. ಅದಕ್ಕೇ ಕಾಯಬೇಡಿ ಅಂದದ್ದು.

ಅಂಥ ದೇಶದ ಹಣಕಾಸು ಮಂತ್ರಿ ನನ್ನನ್ನು ಕೇಳಿದರೆ ಹೀಗೆ ಹೇಳುತ್ತೇನೆ. ಡೀಸೆಲ್ ಮೇಲೆ ನಡೆಯುವ ಆಸ್ಪತ್ರೆ, ನೀರಿನ ಪಂಪು, ಗ್ರಿಡ್ ಮುಟ್ಟದ ಊರುಗಳಿಂದ ಶುರು ಮಾಡಿ, ಡಾಲರ್ ಉಳಿಯುವುದು ಅಲ್ಲೇ ಬೇಗ. ವಿದೇಶಿ ಸಾಲ ತೆಗೆದರೆ ಆಮದು ಸಾಮಾನಿಗೆ ಬೇಕಾದಷ್ಟೇ ತೆಗೆಯಿರಿ, ಉಳಿದದ್ದನ್ನು ಸ್ಥಳೀಯ ಹಣದಲ್ಲಿ, ಹಣದುಬ್ಬರಕ್ಕೆ ಹೊಂದುವ ಕಂತಿನಲ್ಲಿ ಎತ್ತಿ. ವಿದ್ಯುತ್ ಕಂಪನಿಯ ಹಳೆಯ ಬಾಕಿಯನ್ನು ಒಂದೇ ಸಲ ತೀರಿಸಲಾಗದಿದ್ದರೂ ಈ ತಿಂಗಳ ಬಿಲ್ ಈ ತಿಂಗಳೇ ಕೊಡುವ ರೂಢಿ ತನ್ನಿ. ಮತ್ತೆ, ಕರೆಂಟ್ ಕೊಳ್ಳದಿದ್ದರೂ ಡಾಲರ್ ಲೆಕ್ಕದಲ್ಲಿ 25 ವರ್ಷ ದುಡ್ಡು ಕೊಡುತ್ತೇವೆ ಅನ್ನುವ ಕಾಗದ ಎದುರಿಗೆ ಬಂದರೆ, ದರ ಎಷ್ಟೇ ಕಡಿಮೆ ಕಂಡರೂ ಸಹಿ ಹಾಕಬೇಡಿ.